ಅಮ್ಮನಿಗೆ ಯಾರೂ ಹೇಳಲಿಲ್ಲ

ಕಳೆದ ಜನವರಿಯಲ್ಲಿ ಅಮ್ಮ ಮೊದಲ ಸಲ ವಿಮಾನ ಹತ್ತಿದಳು. ವಯಸ್ಸು 71. ದೆಹಲಿಯಲ್ಲಿರುವ ತಂಗಿಗೆ ಹೆರಿಗೆಯಾಗಿತ್ತು, ಬಾಣಂತನಕ್ಕೆ ಅಮ್ಮ ಬೇಕಿತ್ತು. ಎರಡು ರಾತ್ರಿ ರೈಲಿನಲ್ಲಿ ಕೂರಲು ಅವಳ ಮಂಡಿ ಕೇಳುವುದಿಲ್ಲ. ನಾನೇ ವಿಮಾನದಲ್ಲಿ ಕರೆದುಕೊಂಡು ಹೋಗಿ, ನಾಲ್ಕು ದಿನ ಇದ್ದು, ಬಿಟ್ಟು ಬರುವುದು ಅಂತ ಮಾತಾಯಿತು. ಅಮ್ಮ ತಿಪಟೂರಿನಿಂದ ಎರಡು ದಿನ ಮುಂಚೆಯೇ ಬೆಂಗಳೂರಿಗೆ ಬಂದಳು.

ಕೆಲಸದ ಸಲುವಾಗಿ ನಾನು ವರ್ಷಕ್ಕೆ ಏಳೆಂಟು ಸಲ ವಿಮಾನದಲ್ಲಿ ಓಡಾಡುತ್ತೇನೆ. ಸಾಲಿನಲ್ಲಿ ನಿಲ್ಲುವುದು, ಬೆಲ್ಟು ಬಿಚ್ಚುವುದು, ಮುಂದಿನ ಸೀಟು ಮಂಡಿಗೆ ತಾಗುವುದು ಎಲ್ಲಾ ರೂಢಿಯಾಗಿದೆ. ಬೇಜಾರಾದರೂ ಸುಮ್ನೆ ಇರುವುದನ್ನು ಕಲಿತಿದ್ದೆ. ಅಮ್ಮನ ಜೊತೆ ಆ ಒಂದು ದಿನ ಕಳೆದ ಮೇಲೆ ಸುಮ್ನೆ ಇರಲು ಆಗುತ್ತಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ವಿಮಾನ ಬೆಳಿಗ್ಗೆ 10:15ಕ್ಕೆ. ವಿಜಯನಗರದ ಮನೆಯಿಂದ ಆರೂವರೆಗೇ ಹೊರಟೆವು. 2008ರ ಮೇ ತಿಂಗಳವರೆಗೆ ನಮಗೆ ಎಚ್‌ಎಎಲ್ ನಿಲ್ದಾಣ ಊರೊಳಗೇ ಇತ್ತು. ಈಗ ದೇವನಹಳ್ಳಿ ಅಂದರೆ ಮೆಜೆಸ್ಟಿಕ್‌ನಿಂದ ಸುಮಾರು 35 ಕಿಲೋಮೀಟರ್. ಹೆಬ್ಬಾಳದ ಮೇಲ್ಸೇತುವೆ ಹತ್ತಿರ ಏನು ಕಾದಿದೆಯೋ ಯಾರಿಗೂ ಗೊತ್ತಿರುವುದಿಲ್ಲ, ಅದಕ್ಕೆ ಎಲ್ಲರೂ ಒಂದು ಗಂಟೆ ಜಾಸ್ತಿ ಇಟ್ಟುಕೊಂಡೇ ಮನೆ ಬಿಡುತ್ತೇವೆ, ಅಲ್ವಾ? ಅವತ್ತು ರಸ್ತೆ ಖಾಲಿ ಇತ್ತು. 108 ಅಡಿಯ ಕೆಂಪೇಗೌಡರ ಪ್ರತಿಮೆ ಕಂಡಾಗ ಅಮ್ಮ ಕಾರಿನೊಳಗಿಂದಲೇ ಕೈ ಮುಗಿದಳು. ಎರಡನೇ ಟರ್ಮಿನಲ್ ಒಳಗೆ ಹೋದಮೇಲೆ ತಲೆ ಎತ್ತಿ ನಿಂತುಬಿಟ್ಟಳು. ಚಾವಣಿ ತುಂಬಾ ಬಿದಿರು, ಮೇಲಿಂದ ಇಳಿಬಿಟ್ಟ ಹಸಿರು ಗಿಡಗಳು. "ಎಷ್ಟು ಚೆನ್ನಾಗಿ ಕಟ್ಟಿದ್ದಾರೆ ನೋಡೇ" ಅಂದಳು. ನಾನು ಆ ಚಾವಣಿಯ ಕೆಳಗೆ ಎಷ್ಟೋ ಸಲ ಓಡಿದ್ದೇನೆ. ನಿಂತು ನೋಡಿದ್ದು ಅವತ್ತೇ.

ಅಲ್ಲಿಯವರೆಗೆ ಎಲ್ಲಾ ಚೆನ್ನಾಗಿತ್ತು.

ತಿಪಟೂರಿನವರಿಗೆ ಕೊಬ್ಬರಿ ಅಂದರೆ ಏನು ಅಂತ ಬೇರೆ ಊರಿನವರಿಗೆ ಹೇಳುವುದು ಕಷ್ಟ. ತೆಂಗಿನಕಾಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯಬೇಕು. ಒಳಗಿನ ನೀರು ತಾನಾಗಿ ಬತ್ತಬೇಕು. ಕಾಯಿ ಅಲ್ಲಾಡಿಸಿದರೆ ಒಳಗೆ ಗಿಟುಕು ಲೊಟಲೊಟ ಅನ್ನಬೇಕು. ಆಮೇಲೆ ಸುಲಿದು ಒಡೆದರೆ ಉಂಡೆ ಕೊಬ್ಬರಿ. ಅಮ್ಮ ನಮ್ಮ ಅಟ್ಟದ್ದೇ ಆರು ಗಿಟುಕು ಆರಿಸಿ, ಹಳೆ ಪಂಚೆಯ ಬಟ್ಟೆಯಲ್ಲಿ ಗಂಟು ಕಟ್ಟಿ ಕೈಚೀಲದಲ್ಲಿ ಇಟ್ಟುಕೊಂಡಿದ್ದಳು. ದೊಡ್ಡ ಬ್ಯಾಗಿಗೆ ಹಾಕು ಅಂದರೆ ಕೇಳಲಿಲ್ಲ. "ಬಾಣಂತಿಗೆ ಕಣೇ. ಬ್ಯಾಗು ಎಲ್ಲೋ ಹೋದ್ರೆ?" ಅಂದಳು.

ಭದ್ರತಾ ತಪಾಸಣೆಯಲ್ಲಿ ಚೀಲ ಪಕ್ಕಕ್ಕೆ ಬಂತು. ಸಿಬ್ಬಂದಿ ಗಂಟು ಬಿಚ್ಚಿ, ಒಂದು ಗಿಟುಕು ಎತ್ತಿ ಹಿಡಿದು, "ಯೇ ನಹೀ ಜಾಯೇಗಾ" ಅಂದರು. ಅಮ್ಮನಿಗೆ ಹಿಂದಿ ಬರುವುದಿಲ್ಲ. ಅವರ ಕೈ ನೋಡಿ ಅರ್ಥ ಮಾಡಿಕೊಂಡಳು. ನಾನು ಯಾಕೆ ಅಂತ ಕೇಳಿದೆ. "ರೂಲ್ ಹೈ" ಅಂದರು. ಹಿಂದೆ ಉದ್ದಕ್ಕೆ ಸಾಲು ಇತ್ತು. ಆರೂ ಗಿಟುಕು ತೊಟ್ಟಿಗೆ ಬಿದ್ದವು. ಬಟ್ಟೆಯನ್ನು ಮಾತ್ರ ವಾಪಸ್ ಕೊಟ್ಟರು. ಅಮ್ಮ ಅದನ್ನು ಅಲ್ಲೇ ನಿಂತು ಮಡಿಸಿದಳು, ಮತ್ತೆ ಬಿಚ್ಚಿದಳು, ಮತ್ತೆ ಮಡಿಸಿದಳು. ಅವಳ ಮುಖ ನೋಡಲು ನನಗೆ ಆಗಲಿಲ್ಲ.

ನಿಯಮ ತಪ್ಪಲ್ಲ. ಆಮೇಲೆ ಓದಿ ತಿಳಿದುಕೊಂಡೆ. ಒಣಗಿದ ಕೊಬ್ಬರಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಎಣ್ಣೆಯೇ ಇರುತ್ತದೆ. ಗಾಳಿಯಾಡದ ಕಡೆ ಒತ್ತಿ ತುಂಬಿಟ್ಟರೆ ಅದು ಒಳಗೊಳಗೇ ನಿಧಾನವಾಗಿ ಬಿಸಿಯಾಗುತ್ತದೆ. ಆ ಬಿಸಿ ಹೊರಗೆ ಹೋಗಲು ದಾರಿ ಸಿಗದಿದ್ದರೆ ತಾನಾಗಿ ಹೊತ್ತಿಕೊಳ್ಳಲೂಬಹುದು. ಅಪಾಯದ ಸರಕುಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿಗೆ ಅದರದ್ದೇ ಒಂದು ಸಂಖ್ಯೆ ಇದೆ, ಯುಎನ್ 1363. ತಾನಾಗಿ ಹೊತ್ತಿಕೊಳ್ಳುವ ವಸ್ತುಗಳ ಗುಂಪಿನಲ್ಲಿ ಅದನ್ನು ಇಟ್ಟಿದ್ದಾರೆ. ವಿಮಾನದ ಕ್ಯಾಬಿನ್‌ನಲ್ಲಿ ಇಡೀ ತೆಂಗಿನಕಾಯಿಗೂ ತಡೆ ಇದೆ. 2024ರ ಅಕ್ಟೋಬರ್‌ನಲ್ಲಿ ಶಬರಿಮಲೆಗೆ ಹೋಗುವವರ ಇರುಮುಡಿಯ ಕಾಯಿಗೆ ಮಾತ್ರ, ತಪಾಸಣೆ ಮಾಡಿ, ಆ ಯಾತ್ರೆಯ ಅವಧಿಗೆ ಬಿಡುವುದಕ್ಕೆ ಕೇಂದ್ರದ ವಿಮಾನ ಭದ್ರತಾ ಬ್ಯೂರೋ ಒಪ್ಪಿತು. ಆ ಕಾಯಿ ಒಬ್ಬ ಭಕ್ತನಿಗೆ ಏನು ಅನ್ನುವುದನ್ನು ಯಾರೋ ಕೂತು ಯೋಚಿಸಿದ್ದಾರೆ. ನನಗೆ ಅದು ಸಮಾಧಾನದ ಸಂಗತಿ.

ದೆಹಲಿಗೆ ಹೋದ ಮೇಲೆ ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಒಂದು ಕ್ಷಣವೂ ವಾದ ಮಾಡಲಿಲ್ಲ. "ಹೌದಲ್ವೇ! ಒಲೆ ಹಚ್ಚೋಕೆ ಒಂದು ಚೂರು ಕೊಬ್ಬರಿ ಸಾಕು. ಅಟ್ಟದಲ್ಲಿ ಗಾಳಿ ಆಡೋ ಹಾಗೆ ಹರಡಬೇಕು ಅಂತ ನಿಮ್ಮ ತಾತ ಬಡ್ಕೋತಿದ್ರು" ಅಂದಳು. ಕೊಬ್ಬರಿಯ ಬೆಂಕಿ ವಿಚಾರ ಆ ತಪಾಸಣೆಯ ಸಾಲಿನಲ್ಲಿ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೇ. "ಅಮ್ಮಾ, ಇದಕ್ಕೆ ಬೆಂಕಿ ಹತ್ತುತ್ತೆ" ಅಂತ ಯಾರಾದರೂ ನಾಲ್ಕು ಮಾತು ಕನ್ನಡದಲ್ಲಿ ಹೇಳಿದ್ದರೆ ಅವಳೇ ತೆಗೆದು ಕೊಡುತ್ತಿದ್ದಳು.

ಹತ್ತು ಗಂಟೆಗೆ ಗೇಟಿನ ಹತ್ತಿರ ಕೂತಿದ್ದೆವು. ಪರದೆಯ ಮೇಲೆ 10:15 ಇದ್ದದ್ದು 11:00 ಆಯಿತು. ಆಮೇಲೆ 11:45. ಆಮೇಲೆ 12:30. ಪ್ರತಿ ಸಲ ಫೋನಿಗೆ ಇಂಗ್ಲಿಷಿನಲ್ಲಿ ಒಂದು ಮೆಸೇಜು. ಕಾರಣ ಏನು ಅಂತ ಯಾವುದರಲ್ಲೂ ಇಲ್ಲ. ಪಕ್ಕದಲ್ಲಿ ಕೂತಿದ್ದ ಕಾಲೇಜು ಹುಡುಗನೊಬ್ಬ ತನ್ನ ಫೋನು ತೋರಿಸಿದ. ವಿಮಾನಗಳು ಎಲ್ಲಿವೆ ಅಂತ ತೋರಿಸುವ ಆ್ಯಪ್. "ನಮ್ಮನ್ನ ಕರ್ಕೊಂಡು ಹೋಗಬೇಕಾದ ವಿಮಾನ ಇನ್ನೂ ದೆಹಲೀಲೇ ಇದೆ ಆಂಟಿ. ಅಲ್ಲಿ ಮಂಜು" ಅಂದ. ಆಗ ಗಂಟೆ ಹತ್ತೂವರೆ.

ಲೆಕ್ಕ ಬಹಳ ಸುಲಭ. ದೆಹಲಿಯಿಂದ ಇಲ್ಲಿಗೆ ಎರಡೂ ಮುಕ್ಕಾಲು ಗಂಟೆ. ಅದು ಆ ನಿಮಿಷವೇ ಹೊರಟರೂ ಇಲ್ಲಿ ಇಳಿಯುವಾಗ ಒಂದೂಕಾಲು. ಜನ ಇಳಿದು, ಗುಡಿಸಿ, ಎಣ್ಣೆ ತುಂಬಿ, ನಾವು ಹತ್ತುವಾಗ ಎರಡು ಗಂಟೆ. ಹೀಗಿರುವಾಗ 11:00 ಅಂತ ಯಾಕೆ ಹಾಕಿದರು? ಮುಕ್ಕಾಲು ಮುಕ್ಕಾಲು ಗಂಟೆ ಮುಂದಕ್ಕೆ ಹಾಕುತ್ತಾ ಹೋಗುವುದು ಕಾಯುವವರಿಗೆ ಕೊಡುವ ದೊಡ್ಡ ಹಿಂಸೆ. ಎರಡೂವರೆಗೆ ಅಂತ ಮೊದಲೇ ಹೇಳಿದ್ದರೆ ಅಮ್ಮನನ್ನು ಒಂದು ಮೂಲೆಯಲ್ಲಿ ಮಲಗಿಸುತ್ತಿದ್ದೆ. ನಿಧಾನವಾಗಿ ಊಟ ಮಾಡಿಸುತ್ತಿದ್ದೆ. "ಈಗ ಕರೀತಾರೆ, ಈಗ ಕರೀತಾರೆ" ಅಂತ ಅವಳು ಗಂಟೆಗಟ್ಟಲೆ ಚೀಲದ ಹಿಡಿ ಬಿಡದೆ ಸೀಟಿನ ತುದಿಯಲ್ಲಿ ಕೂತಿದ್ದಳು. ನಮ್ಮ ವಿಮಾನ ಕೊನೆಗೆ ಹೊರಟದ್ದು 2:50ಕ್ಕೆ.

ಇದಕ್ಕೆ ನಿಯಮ ಇಲ್ಲವೇ ಅಂದರೆ, ಇದೆ. 2024ರ ಜನವರಿಯಲ್ಲಿ ದೆಹಲಿಯ ಮಂಜಿನಿಂದ ದೇಶದಾದ್ಯಂತ ವಿಮಾನಗಳು ತಡವಾದವು. ಮುಂಬಯಿಯಲ್ಲಿ ಪ್ರಯಾಣಿಕರು ವಿಮಾನದ ಪಕ್ಕದ ನೆಲದ ಮೇಲೇ ಕೂತು ಊಟ ಮಾಡಿದ ಚಿತ್ರ ನೀವೂ ನೋಡಿರಬಹುದು. ಆ ಗಲಾಟೆ ನಡೆದಾಗಲೇ, ಜನವರಿ 15ರಂದು, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಎಲ್ಲಾ ವಿಮಾನ ಸಂಸ್ಥೆಗಳಿಗೂ ಸೂಚನೆ ಕೊಟ್ಟಿತು. ತಡವಾದರೆ ಸರಿಯಾದ ಸಮಯವನ್ನು ಆಗಾಗಲೇ ತಿಳಿಸಬೇಕು, ನಿಲ್ದಾಣದ ಸಿಬ್ಬಂದಿಗೆ ಪ್ರಯಾಣಿಕರ ಜೊತೆ ಸರಿಯಾಗಿ ಮಾತಾಡುವ ತರಬೇತಿ ಕೊಡಬೇಕು ಅಂತ ಅದರಲ್ಲಿದೆ. ಇನ್ನೂ ಹಳೆಯ ನಿಯಮ ಒಂದಿದೆ. ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ, ಎರಡೂವರೆಯಿಂದ ಐದು ಗಂಟೆಯ ಹಾರಾಟ ಮೂರು ಗಂಟೆ ತಡವಾದರೆ ಊಟ ತಿಂಡಿ ಕೊಡಬೇಕು. ಆರು ಗಂಟೆಗಿಂತ ಜಾಸ್ತಿ ತಡ ಅಂತಾದರೆ ಬೇರೆ ವಿಮಾನ ಕೊಡಬೇಕು, ಇಲ್ಲವೇ ಪೂರ್ತಿ ಹಣ ವಾಪಸ್ ಮಾಡಬೇಕು. ಮಂಜಿನಂಥ ಕಾರಣಕ್ಕೆ ಪರಿಹಾರದ ಹಣ ಸಿಗುವುದಿಲ್ಲ, ಅದು ನ್ಯಾಯವೇ. ಮಂಜು ಯಾರ ಕೈಯಲ್ಲೂ ಇಲ್ಲ. ಮಂಜು ಇದೆ ಅಂತ ಹೇಳುವುದು ಕೈಯಲ್ಲಿತ್ತು.

ನಮಗೂ ಒಂದೂಕಾಲಿಗೆ ತಣ್ಣಗಿನ ಸ್ಯಾಂಡ್‌ವಿಚ್, ಒಂದು ಡಬ್ಬಿ ಜ್ಯೂಸು ಕೊಟ್ಟರು. ಸಾಲಿನಲ್ಲಿ ನಿಂತವರಿಗೆ ಸಿಕ್ಕಿತು. ಅಲ್ಲಿ ಕೊಡುತ್ತಿದ್ದಾರೆ ಅಂತ ಗೊತ್ತಾದವರು ಮಾತ್ರ ಸಾಲಿನಲ್ಲಿದ್ದರು. ಅದಕ್ಕೂ ಮುಂಚೆ ನಾನು ಎರಡು ಕಾಫಿ, ಇಡ್ಲಿ ತಂದಿದ್ದೆ. ಎಷ್ಟಾಯಿತು ಅಂತ ಅಮ್ಮ ಕೇಳಿದಳು. ನಿಜ ಹೇಳಿದ್ದರೆ ತಿನ್ನುತ್ತಿರಲಿಲ್ಲ, ಕಡಿಮೆ ಹೇಳಿದೆ. 2024ರ ಡಿಸೆಂಬರ್‌ನಲ್ಲಿ ಕೋಲ್ಕತ್ತ ನಿಲ್ದಾಣದಲ್ಲಿ ಉಡಾನ್ ಯಾತ್ರಿ ಕೆಫೆ ಅಂತ ಶುರು ಮಾಡಿ 10 ರೂಪಾಯಿಗೆ ಟೀ ಕೊಟ್ಟರು. ಪ್ರತಿ ನಿಲ್ದಾಣದಲ್ಲೂ ಅಂಥದ್ದೊಂದು ಬೇಕು ಅಂತ ನನಗೆ ಅನಿಸುವುದು ಹಣ ಉಳಿಸುವುದಕ್ಕಲ್ಲ. ಅಮ್ಮನಂಥವರು ಬೆಲೆ ಕೇಳಿ ಹಸಿದುಕೊಂಡು ಕೂರಬಾರದು, ಅಷ್ಟಕ್ಕೆ.

ಗೇಟಿನ ಮೇಜಿನ ಹಿಂದೆ ಇದ್ದ ಹುಡುಗಿಗೆ 22 ವರ್ಷ ಇರಬಹುದು. ಐವತ್ತು ಜನ ಅವಳ ಸುತ್ತ ನಿಂತು ಕೂಗುತ್ತಿದ್ದರು. ಅವಳ ಕೈ ನಡುಗುತ್ತಿತ್ತು. ಅವಳಿಗೂ ಯಾರೂ ಏನೂ ಹೇಳಿರಲಿಲ್ಲ ಅಂತ ನನಗೆ ಈಗಲೂ ಅನಿಸುತ್ತದೆ. ಎಲ್ಲೋ ಒಂದು ಕಚೇರಿಯಲ್ಲಿ ಯಾರಿಗೋ ಎಲ್ಲಾ ಗೊತ್ತಿರುತ್ತದೆ. ಗೇಟಿಗೆ ಬರುವ ಹೊತ್ತಿಗೆ ಅದು ಬರೀ ಒಂದು ಸಂಖ್ಯೆಯಾಗಿ ಬರುತ್ತದೆ.

ಬಿ.ಎಚ್. ರಸ್ತೆಯ ಬಸ್ಸುಗಳಲ್ಲಿ ಅಮ್ಮ ಐವತ್ತು ವರ್ಷ ಓಡಾಡಿದ್ದಾಳೆ. ತಿಪಟೂರು, ಕೆ.ಬಿ. ಕ್ರಾಸ್, ಗುಬ್ಬಿ, ತುಮಕೂರು, ಬೆಂಗಳೂರು. ನನ್ನನ್ನು ಸೊಂಟದ ಮೇಲೆ, ತಂಗಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಗುಬ್ಬಿಯಿಂದ ಬೆಂಗಳೂರಿನವರೆಗೆ ನಿಂತೇ ಬಂದಿದ್ದಳಂತೆ. ಕೆಂಪು ಬಸ್ಸಿನ ಸೀಟಿಗೆ ಹೋಲಿಸಿದರೆ ವಿಮಾನದ ಸೀಟು ಸುಖವೇ. ಬಸ್ಸು ನಿಂತರೆ ಕಂಡಕ್ಟರ್ ಇಳಿದು ನೋಡಿ ಬಂದು, "ಟೈರ್ ಹೋಗಿದೆ, ಮುಕ್ಕಾಲು ಗಂಟೆ ಆಗುತ್ತೆ, ಹೆಂಗಸರು ಮಕ್ಕಳು ಬೇಕಿದ್ರೆ ಇಳಿದು ಹೋಗಿ ಬನ್ನಿ, ನಾನು ಬಿಟ್ಟು ಹೋಗಲ್ಲ" ಅನ್ನುತ್ತಿದ್ದ. ಆ ಕೊನೆಯ ಮಾತಿನಲ್ಲಿ ಎಷ್ಟು ಧೈರ್ಯ ಇತ್ತು! ಎಷ್ಟು ಹೊತ್ತು, ಯಾಕೆ, ನಾನೇನು ಮಾಡಬಹುದು, ನನ್ನನ್ನು ಬಿಟ್ಟು ಹೋಗುತ್ತಾರಾ? ದಾರಿಯಲ್ಲಿ ಸಿಕ್ಕಿಕೊಂಡವರಿಗೆ ಬೇಕಾದದ್ದು ಇಷ್ಟೇ. ಆ ಕಂಡಕ್ಟರ್‌ಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ.

ಒಂದೂವರೆ ಗಂಟೆಯ ಹೊತ್ತಿಗೆ ನಾನು ಅಮ್ಮನ ಮಾತ್ರೆಗೆ ಬಿಸಿನೀರು ತರಲು ಹೋದೆ. ಹತ್ತು ನಿಮಿಷ ಆಗಿರಬಹುದು. ವಾಪಸ್ ಬಂದರೆ ನಮ್ಮ ಗೇಟು ಖಾಲಿ. ಸಾಲು ಸಾಲು ಕುರ್ಚಿಗಳಲ್ಲಿ ಒಬ್ಬರೂ ಇಲ್ಲ. ನಡುವೆ ಅಮ್ಮ ಒಬ್ಬಳೇ ಎದ್ದು ನಿಂತಿದ್ದಳು. ಎರಡು ಕೈಯಲ್ಲೂ ಚೀಲ, ನನ್ನ ಬ್ಯಾಗು ಕಾಲುಗಳ ನಡುವೆ. ಹೋಗುವುದೋ ಬೇಡವೋ ಗೊತ್ತಾಗದೆ ನಿಂತ ಜಾಗದಲ್ಲೇ ನಿಂತಿದ್ದಳು. ನನ್ನನ್ನು ಕಂಡ ಕೂಡಲೇ ಅವಳು ಹೇಳಿದ್ದು ಇಷ್ಟು: "ಏನೋ ಕೂಗಿದರು ಕಣೇ. ಎಲ್ಲರೂ ಎದ್ದು ಹೋದರು. ನನಗೆ ಯಾರೂ ಹೇಳಲಿಲ್ಲ."

ಗೇಟು ಬದಲಾಗಿತ್ತು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಕೂಗಿ ಹೇಳಿದ್ದರಂತೆ. ನನ್ನ ಫೋನಿಗೆ ಮೆಸೇಜೂ ಬಂದಿತ್ತು.

ಬೆಂಗಳೂರಿನಲ್ಲಿ, ದೇವನಹಳ್ಳಿಯ ನೆಲದ ಮೇಲೆ, ಕೆಂಪೇಗೌಡರ ಹೆಸರಿನ ನಿಲ್ದಾಣದಲ್ಲಿ, ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ಒಬ್ಬ ಹೆಂಗಸು ಹೀಗೆ ಒಂಟಿಯಾಗಿ ನಿಲ್ಲಬೇಕಾಯಿತು. ಇದನ್ನು ಬರೆಯುವಾಗಲೂ ನನಗೆ ಗಂಟಲು ಕಟ್ಟುತ್ತದೆ. 2018ರ ಡಿಸೆಂಬರ್‌ನಲ್ಲೇ ಕೇಂದ್ರದಿಂದ ಒಂದು ಸೂಚನೆ ಬಂದಿತ್ತು. ನಿಲ್ದಾಣಗಳ ಘೋಷಣೆ ಮೊದಲು ಆ ಊರಿನ ಭಾಷೆಯಲ್ಲಿ, ಆಮೇಲೆ ಹಿಂದಿ, ಇಂಗ್ಲಿಷಿನಲ್ಲಿ ಆಗಬೇಕು ಅಂತ. ಘೋಷಣೆಯೇ ಮಾಡದ ನಿಶ್ಶಬ್ದ ನಿಲ್ದಾಣಗಳಿಗೆ ಅದು ಅನ್ವಯಿಸುವುದಿಲ್ಲ. ಶಬ್ದ ಕಡಿಮೆಯಾಗಿದ್ದು ನನ್ನಂಥವರಿಗೆ ಹಿತವಾಗಿದೆ. ಈಗ ಎಲ್ಲವೂ ಫೋನಿಗೆ ಬರುತ್ತದೆ. ಬೋರ್ಡಿಂಗ್ ಪಾಸು ಫೋನಿನಲ್ಲಿ, ಗೇಟು ಫೋನಿನಲ್ಲಿ, ತಡ ಫೋನಿನಲ್ಲಿ. ಮುಖ ತೋರಿಸಿ ಒಳಗೆ ಹೋಗುವ ಡಿಜಿಯಾತ್ರಾ 2022ರ ಡಿಸೆಂಬರ್‌ನಲ್ಲಿ ಮೊದಲು ಶುರುವಾದ ಊರುಗಳಲ್ಲಿ ಬೆಂಗಳೂರೂ ಒಂದು. ಅಮ್ಮನ ಹತ್ತಿರ ಇರುವುದು ಗುಂಡಿ ಒತ್ತುವ ಫೋನು. ಅದಕ್ಕೆ ಬರುವುದು ಕರೆ ಮಾತ್ರ. ಅವಳಿಗೆ ಏನಾದರೂ ತಿಳಿಯಬೇಕಾದರೆ ಒಬ್ಬ ಮನುಷ್ಯ ಹತ್ತಿರ ಬಂದು ಬಾಯಿಬಿಟ್ಟು ಹೇಳಬೇಕು.

ಹಾಗೆ ಹೇಳಿದವನು ಒಬ್ಬ ಸಿಕ್ಕಿದ. ಹೊಸ ಗೇಟು ದೂರ ಇತ್ತು. ಬೆಳಿಗ್ಗೆ ವೀಲ್‌ಚೇರ್ ಬೇಡವೇ ಬೇಡ ಅಂದಿದ್ದ ಅಮ್ಮ, "ನಾನೇನು ರೋಗಿನಾ?" ಅಂತ ಸಿಟ್ಟಾಗಿದ್ದ ಅಮ್ಮ, ಈಗ ಮಂಡಿ ಹಿಡಿದುಕೊಂಡು ಕೂತುಬಿಟ್ಟಳು. ವಿಮಾನ ಸಂಸ್ಥೆಯ ಸಿಬ್ಬಂದಿಯನ್ನು ಕೇಳಿದೆ. ಮೊದಲೇ ಬುಕ್ ಮಾಡಿಲ್ಲವಲ್ಲ, ಕಾಯಿರಿ ಅಂದರು. ಅದು ನನ್ನ ತಪ್ಪು, ಎರಡು ದಿನ ಮೊದಲೇ ಹೇಳಬೇಕಿತ್ತು. ಕಾಯುವಾಗ ನನಗೆ 2024ರ ಫೆಬ್ರವರಿಯ ಸುದ್ದಿಯೇ ತಲೆಯಲ್ಲಿ ಸುತ್ತುತ್ತಿತ್ತು. ಮುಂಬಯಿ ನಿಲ್ದಾಣದಲ್ಲಿ 80 ವರ್ಷದ ಪ್ರಯಾಣಿಕರೊಬ್ಬರು, ಹೆಂಡತಿಗೆ ಮಾತ್ರ ವೀಲ್‌ಚೇರ್ ಸಿಕ್ಕಿದ್ದರಿಂದ ತಾವು ಪಕ್ಕದಲ್ಲೇ ನಡೆದು ಬಂದು, ಕುಸಿದು ಬಿದ್ದು ತೀರಿಕೊಂಡರು. ಆ ವಿಮಾನ ಸಂಸ್ಥೆಗೆ ಡಿಜಿಸಿಎ 30 ಲಕ್ಷ ರೂಪಾಯಿ ದಂಡ ಹಾಕಿತು.

ವೀಲ್‌ಚೇರ್ ತಂದ ಹುಡುಗ ಚಿಕ್ಕಬಳ್ಳಾಪುರದವನು. ಅಮ್ಮನ ಮುಂದೆ ಕುಕ್ಕರಗಾಲಲ್ಲಿ ಕೂತು, "ಅಮ್ಮಾ, ಕಾಲು ಇದರ ಮೇಲೆ ಇಡಿ, ಬೀಳಲ್ಲ, ನಾನಿದೀನಿ" ಅಂದ. ದಾರಿಯುದ್ದಕ್ಕೂ ಮಾತಾಡುತ್ತಲೇ ಇದ್ದ. ಈಗ ಲಿಫ್ಟ್ ಹತ್ತುತ್ತೀವಿ. ಈಗ ಸ್ವಲ್ಪ ಇಳಿಜಾರು, ಹಿಂದಕ್ಕೆ ಒರಗಿಕೊಳ್ಳಿ. ನಿಮ್ಮ ವಿಮಾನ ಬಂತು, ಅಗೋ, ಗಾಜಿನ ಆಚೆ. ಅದರಿಂದ ಜನ ಇಳೀತಿದಾರೆ, ಇನ್ನು ಅರ್ಧ ಗಂಟೆ. ಅಮ್ಮನ ಭುಜ ಇಳಿದದ್ದು ನನಗೆ ಕಾಣಿಸಿತು. ಬೆಳಿಗ್ಗೆಯಿಂದ ಬಿಗಿ ಹಿಡಿದಿದ್ದ ಭುಜ. ಊರು ಯಾವುದು, ಮಕ್ಕಳೆಷ್ಟು, ತಾಯಿ ಇದ್ದಾರಾ ಅಂತ ಅವನನ್ನು ವಿಚಾರಿಸಿಕೊಂಡಳು. ನಾಲ್ಕೂವರೆ ಗಂಟೆ ತಡಕ್ಕಿಂತ ಆ ಹತ್ತು ನಿಮಿಷ ಅವಳಿಗೆ ಇವತ್ತಿಗೂ ಚೆನ್ನಾಗಿ ನೆನಪಿದೆ.

ವಿಮಾನ ಸಾಮಾನ್ಯರಿಗೂ ಸಿಗಬೇಕು ಅನ್ನುವ ಕನಸು ಕಂಡವರಲ್ಲಿ ನಮ್ಮವರೇ ಒಬ್ಬರು ಇದ್ದಾರೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಬೆಂಗಳೂರಿನಿಂದಲೇ ಏರ್ ಡೆಕ್ಕನ್ ಶುರು ಮಾಡಿದರು. ಅದರ ಗುರುತಾಗಿ ಇಟ್ಟುಕೊಂಡಿದ್ದು ಆರ್.ಕೆ. ಲಕ್ಷ್ಮಣರ 'ಕಾಮನ್ ಮ್ಯಾನ್', ಅದೇ ಪಂಚೆ, ಚೌಕಳಿ ಕೋಟಿನ ಮನುಷ್ಯ. ಆ ಕಂಪನಿ ಉಳಿಯಲಿಲ್ಲ, ಆದರೆ ಟಿಕೆಟ್ಟಿನ ಬೆಲೆ ಇಳಿಯಿತು. ಅದರಿಂದಲೇ ಅಮ್ಮನಂಥವರು ಇವತ್ತು ವಿಮಾನ ಹತ್ತುತ್ತಿದ್ದಾರೆ. ಬಾಣಂತನಕ್ಕೆ ಹೋಗುವ ತಾಯಂದಿರು, ಮಗನ ಮನೆಗೆ ಹೋಗುವ ಅಪ್ಪಂದಿರು, ಮೊದಲ ಸಲ ಕೆಲಸಕ್ಕೆ ಹೋಗುವ ಹುಡುಗರು. ನಿಲ್ದಾಣದ ಪದ್ಧತಿ ಮಾತ್ರ ಇನ್ನೂ ಎಲ್ಲಾ ಗೊತ್ತಿರುವವರಿಗೇ ಅಂತ ಇದೆ. ಗೊತ್ತಿಲ್ಲದವರು ಗೊತ್ತಿರುವವರ ಹಿಂದೆ ಹಿಂದೆ ನಡೆಯಬೇಕು.

ವಿಮಾನದೊಳಗೆ ನಮಗೆ ಬೇರೆ ಬೇರೆ ಸೀಟು ಬಂತು. ಅವಳದು 23ನೇ ಸಾಲು, ನನ್ನದು 9. ಒಂದೇ ಟಿಕೆಟ್ಟಿನಲ್ಲಿ ಬುಕ್ ಮಾಡಿದ್ದೆ, ಒಟ್ಟಿಗೆ ಕೊಡುತ್ತಾರೆ ಅಂತ ನಂಬಿದ್ದೆ. ಜೊತೆಯ ಸೀಟು ಬೇಕಾದರೆ ಜಾಸ್ತಿ ದುಡ್ಡು ಕೊಟ್ಟು ಮೊದಲೇ ಹಿಡಿಯಬೇಕಂತೆ. 2024ರ ಏಪ್ರಿಲ್‌ನಲ್ಲಿ ಡಿಜಿಸಿಎ ಒಂದು ಒಳ್ಳೆಯ ಸೂಚನೆ ಕೊಟ್ಟಿತು. 12 ವರ್ಷದವರೆಗಿನ ಮಕ್ಕಳಿಗೆ, ಒಂದೇ ಬುಕಿಂಗ್‌ನಲ್ಲಿರುವ ಅಪ್ಪ ಅಮ್ಮ ಅಥವಾ ಜೊತೆಗಿರುವ ದೊಡ್ಡವರಲ್ಲಿ ಒಬ್ಬರ ಪಕ್ಕದಲ್ಲೇ ಸೀಟು ಕೊಡಬೇಕು ಅಂತ. ಮೊದಲ ಸಲ ಹತ್ತಿದ ವಯಸ್ಸಾದವರಿಗೂ ಅದು ಬೇಕು. ಅಮ್ಮನ ಪಕ್ಕದವರನ್ನು ಕೇಳಿದೆ. ದುಡ್ಡು ಕೊಟ್ಟು ತೆಗೆದುಕೊಂಡ ಸೀಟು ಅಂದರು. ಅವರದೇನೂ ತಪ್ಪಿಲ್ಲ.

ವಿಮಾನದ ಸೀಟಿನ ಬಗ್ಗೆ ದೂರುವವರೆಲ್ಲ ಹೆಚ್ಚಾಗಿ ಉದ್ದ ಕಾಲಿನವರು. ಗಿಡ್ಡ ಇರುವವರ ಕಷ್ಟ ಬೇರೆ. ಅಮ್ಮ ಐದಡಿಗೂ ಕಡಿಮೆ. ಅವಳ ಪಾದ ನೆಲ ಮುಟ್ಟುವುದಿಲ್ಲ. ಮೂರು ಗಂಟೆ ಕಾಲು ನೇತಾಡಿದರೆ ತೊಡೆಯ ಹಿಂಭಾಗ ಜೋಮು ಹಿಡಿದು, ಪಾದ ಊದಿಕೊಳ್ಳುತ್ತದೆ. ಚೀಲವನ್ನು ಕಾಲ ಕೆಳಗೆ ಇಟ್ಟುಕೊಂಡಿದ್ದಳಂತೆ, ಮುಂದಿನ ಸೀಟಿನಡಿಗೆ ತಳ್ಳಲು ಸನ್ನೆ ಮಾಡಿದರಂತೆ. ತುರ್ತಾಗಿ ಇಳಿಯಬೇಕಾದರೆ ದಾರಿಗೆ ಅಡ್ಡ ಆಗುತ್ತದೆ, ಅದಕ್ಕೆ. ಕಾರಣ ಸರಿ. ಸನ್ನೆಯಲ್ಲಿ ಕಾರಣ ಇರಲಿಲ್ಲ.

ಇನ್ನೊಂದು ವಿಷಯ ಬರೆಯಲೋ ಬೇಡವೋ ಅಂತ ಯೋಚಿಸಿದೆ. ಬರೆಯಲೇಬೇಕು. ಅಮ್ಮ ಹಿಂದಿನ ರಾತ್ರಿಯಿಂದ ನೀರು ಕುಡಿದಿರಲಿಲ್ಲ. ಬೆಳಗಿನ ಕಾಫಿ ಬಿಟ್ಟರೆ ಮಾತ್ರೆಗೆ ಎರಡು ಗುಟುಕು ನೀರು, ಅಷ್ಟೇ. ವಿಮಾನದಲ್ಲಿ ಬಾತ್‌ರೂಮಿಗೆ ಹೋಗಬೇಕಾದರೆ ಅನ್ನುವ ಭಯ. ನಮ್ಮ ಅಮ್ಮಂದಿರ ಪೀಳಿಗೆ ಇದನ್ನು ಬಸ್ಸಿನಲ್ಲಿ ಕಲಿತಿದೆ. ಹೊರಡುವ ಮುಂಚೆ ನೀರು ಕುಡಿಯುವುದನ್ನೇ ಬಿಡುವುದು. ಬಸ್ಸಿನಲ್ಲಿ ಅದು ನಡೆಯುತ್ತಿತ್ತು. ವಿಮಾನದೊಳಗಿನ ಗಾಳಿ ತುಂಬಾ ಒಣ, ತೇವ ಶೇಕಡಾ 20ಕ್ಕಿಂತಲೂ ಕಡಿಮೆ ಇರುತ್ತದೆ. ಅದರ ಮೇಲೆ ನಾಲ್ಕೂವರೆ ಗಂಟೆಯ ತಡ. ದೆಹಲಿಯಲ್ಲಿ ಇಳಿದಾಗ ಅವಳ ತುಟಿ ಬಿರಿದಿತ್ತು, ತಲೆ ಸಿಡಿಯುತ್ತಿತ್ತು. ನಿಮ್ಮ ಮನೆಯ ಹಿರಿಯ ಹೆಂಗಸರು ಹೊರಟಾಗ ದಯವಿಟ್ಟು ಇದನ್ನು ಕೇಳಿ. ಅವರಾಗಿ ಹೇಳುವುದಿಲ್ಲ.

ಕಿವಿಯ ನೋವು ಎಲ್ಲಕ್ಕಿಂತ ಜಾಸ್ತಿ ಕಾಡಿತು. ವಿಮಾನ ಎತ್ತರದಲ್ಲಿ ಹಾರುವಾಗ ಒಳಗಿನ ಗಾಳಿಯ ಒತ್ತಡವನ್ನು ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಡುತ್ತಾರೆ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಅಂದರೆ 6,300 ಅಡಿ ಚಿಲ್ಲರೆ. ಅದಕ್ಕಿಂತ ಎತ್ತರದಲ್ಲಿ ಕೂತ ಹಾಗೆ. ಇಳಿಯುವಾಗ ಒತ್ತಡ ಏರುತ್ತದೆ, ಕಿವಿಯ ಒಳಗಿನಿಂದ ಗಂಟಲಿಗೆ ಬರುವ ಸಣ್ಣ ನಾಳ ತೆರೆದುಕೊಂಡು ಸರಿದೂಗಿಸಬೇಕು. ನೆಗಡಿ ಇದ್ದರೆ ಅದು ಸರಿಯಾಗಿ ತೆರೆಯುವುದಿಲ್ಲ. ಬೆಂಗಳೂರು ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ, ದೆಹಲಿ 800 ಅಡಿಯೂ ಇಲ್ಲ. ಹಾಗಾಗಿ ಅಲ್ಲಿ ಇಳಿಯುವಾಗ ಕಿವಿಗೆ ಇಲ್ಲಿಗಿಂತ ಜಾಸ್ತಿ ಕೆಲಸ. ಅಮ್ಮನಿಗೆ ಸಣ್ಣ ನೆಗಡಿಯೂ ಇತ್ತು. ಉಗುಳು ನುಂಗಿದರೆ, ಆಕಳಿಸಿದರೆ, ಬಾಯಲ್ಲಿ ಏನಾದರೂ ಚೀಪುತ್ತಿದ್ದರೆ ಆ ನಾಳ ತೆರೆಯುತ್ತದೆ. ಹಿಂದೆ ವಿಮಾನದಲ್ಲಿ ಪೆಪ್ಪರ್‌ಮಿಂಟ್ ಹಂಚುತ್ತಿದ್ದದ್ದು ಇದಕ್ಕೇ. ಈಗ ಪೆಪ್ಪರ್‌ಮಿಂಟೂ ಇಲ್ಲ, ಹೇಳುವವರೂ ಇಲ್ಲ. ನಾನು 9ನೇ ಸಾಲಿನಲ್ಲಿ ಬೆಲ್ಟು ಹಾಕಿಕೊಂಡು ಕೂತಿದ್ದೆ. ಅಮ್ಮ 23ರಲ್ಲಿ ಕಿವಿ ಒತ್ತಿ ಹಿಡಿದುಕೊಂಡು, ಕಿವಿಯ ತಮಟೆ ಒಡೆದೇ ಹೋಯಿತು ಅಂತ ಅಳುತ್ತಿದ್ದಳಂತೆ. ಧರ್ಮಸ್ಥಳಕ್ಕೆ ಹೋಗುವಾಗ ಶಿರಾಡಿ ಘಾಟಿ ಇಳಿದರೆ ಕಿವಿ ಗುಂಯ್ ಅನ್ನುತ್ತದಲ್ಲ, ಅದೇ ಇದು ಅಂತ ನಾನು ಮನೆಯಲ್ಲೇ ಹೇಳಬೇಕಿತ್ತು. ಹೇಳದೆ ಇದ್ದವರಲ್ಲಿ ನಾನೂ ಒಬ್ಬಳು.

ಅಮ್ಮ ಏಪ್ರಿಲ್‌ನಲ್ಲಿ ಒಬ್ಬಳೇ ವಾಪಸ್ ಬರಬೇಕಿತ್ತು. ನನಗೆ ರಜೆ ಸಿಗಲಿಲ್ಲ. ಈ ಸಲ ವೀಲ್‌ಚೇರ್ ಮೊದಲೇ ಬುಕ್ ಮಾಡಿದೆ, ದುಡ್ಡು ಕೊಟ್ಟು ಬಾತ್‌ರೂಮಿಗೆ ಹತ್ತಿರದ, ಓಡಾಡುವ ದಾರಿಯ ಪಕ್ಕದ ಸೀಟು ಹಿಡಿದೆ. ಒಂದು ಹಾಳೆಯಲ್ಲಿ ದೊಡ್ಡ ಕನ್ನಡ ಅಕ್ಷರದಲ್ಲಿ ಎಲ್ಲವನ್ನೂ ಬರೆದು ತಂಗಿಗೆ ಕಳಿಸಿದೆ. ಮೊದಲು ಏನಾಗುತ್ತದೆ, ಆಮೇಲೆ ಏನಾಗುತ್ತದೆ. ಯಾವ ಕಾಗದ ಯಾರಿಗೆ ತೋರಿಸಬೇಕು. ನೀರು ಕುಡಿ. ಬಾತ್‌ರೂಮಿನ ಚಿಲಕ ಪೂರ್ತಿ ಸರಿಸಿದರೆ ಮಾತ್ರ ಲೈಟು ಜೋರಾಗಿ ಹತ್ತುತ್ತದೆ, ಗುಂಡಿ ಒತ್ತಿದರೆ ದೊಡ್ಡ ಸದ್ದು ಬರುತ್ತದೆ, ಅದು ಗಾಳಿ ಎಳೆಯುವ ಸದ್ದು, ಹೆದರಬೇಡ. ಇಳಿಯುವ ಅರ್ಧ ಗಂಟೆ ಮೊದಲು ಕಲ್ಲುಸಕ್ಕರೆ ಬಾಯಿಗೆ ಹಾಕಿಕೋ. ಕೊನೆಗೆ ಇಂಗ್ಲಿಷ್, ಹಿಂದಿ ಎರಡರಲ್ಲೂ ಒಂದು ಸಾಲು ಸೇರಿಸಿದೆ: ಇವರಿಗೆ ಕನ್ನಡ ಮಾತ್ರ ಬರುತ್ತದೆ, ಗೇಟು ಬದಲಾದರೆ ದಯವಿಟ್ಟು ಕೈ ಹಿಡಿದು ಹೇಳಿ.

ವಿಮಾನ ನಲವತ್ತು ನಿಮಿಷ ತಡವಾಗಿ ಬಂತು. ಹೊರಗೆ ಬಂದ ಅಮ್ಮ ಮೊದಲು ಹೇಳಿದ್ದು, ಅಲ್ಲಿ ಗಾಳಿ ಜೋರಿತ್ತಂತೆ, ಅದಕ್ಕೇ ತಡವಂತೆ ಅಂತ. ಯಾರು ಹೇಳಿದರು ಅಂದೆ. "ನಾನೇ ಕೇಳಿದೆ, ಈ ಕಾಗದ ತೋರಿಸಿ" ಅಂದಳು. ಗೇಟಿನಲ್ಲಿ ಯಾರೋ ಕನ್ನಡದವರನ್ನು ಹುಡುಕಿ ಕರೆದುಕೊಂಡು ಬಂದರಂತೆ.

ಮನೆಗೆ ಬಂದು ಚೀಲ ಬಿಚ್ಚಿದಾಗ ಕೊಬ್ಬರಿ ಕಟ್ಟಿದ್ದ ಅದೇ ಪಂಚೆ ಬಟ್ಟೆಯಲ್ಲಿ ಆ ಹಾಳೆ ಮಡಿಸಿ ಇತ್ತು. ಹಿಂದುಗಡೆ ಪೆನ್ಸಿಲಿನಲ್ಲಿ ಅವಳ ಅಕ್ಷರ.

"ಕೊಬ್ಬರಿ ಒಯ್ಯಬೇಡಿ. ಬೆಂಕಿ ಹತ್ತುತ್ತೆ. ಚಟ್ನಿಪುಡಿಯನ್ನೂ ಕೈಚೀಲದಲ್ಲಿ ಇಡಬೇಡಿ, ದೊಡ್ಡ ಬ್ಯಾಗಿಗೆ ಹಾಕಿ. ಗಾಲಿಕುರ್ಚಿಗೆ ನಾಚಿಕೆ ಬೇಡ. ಎಲ್ಲರೂ ಎದ್ದು ಹೋದರೆ ಯಾಕೆ ಅಂತ ಕೇಳಿ, ಹೇಳೋವರೆಗೂ ಕೇಳಿ."

ಎದುರು ಮನೆಯವರು ಜೂನ್‌ನಲ್ಲಿ ಮಗನ ಮನೆಗೆ ಪುಣೆಗೆ ಹೊರಟಿದ್ದಾರಂತೆ. ಎರಡೂ ಕಡೆಯದನ್ನು ಒಂದೇ ಹಾಳೆಯಲ್ಲಿ ಚೆನ್ನಾಗಿ ಬರೆದು ನಾಲ್ಕು ಜೆರಾಕ್ಸ್ ಮಾಡಿಸಿಕೊಡು ಅಂದಳು. ಒಂದು ಅವರಿಗೆ, ಇನ್ನು ಮೂರು ಊರಲ್ಲಿ ಇಟ್ಟಿರುತ್ತಾಳಂತೆ.